ಗೆಜ್ಜೆ ಕಟ್ಟಿದ ಬೆನ್ನುಚೀಲ

ಎರಡೂ ಕೈ ತುಂಬಿದ ಮನುಷ್ಯನ ಮೂಗಿನ ಮೇಲೆ ನೊಣ ಕೂತರೆ ಅವನು ಏನು ಮಾಡಬೇಕೆಂದು ಯಾವ ಶಾಸ್ತ್ರದಲ್ಲಿಯೂ ಹೇಳಿಲ್ಲ. ಮುನಿರಾಬಾದಿನ ನೀರಾವರಿ ಕಚೇರಿಯ ಗುಮಾಸ್ತ ಉಮಾಪತಿಗೆ ಈ ಪ್ರಶ್ನೆ ಎದುರಾದದ್ದು ಎಪ್ಪತ್ತನಾಲ್ಕನೆಯ ಇಸವಿಯ ಸುಗ್ಗಿಯಲ್ಲಿ, ಕುಷ್ಟಗಿಯಿಂದ ಬರುವ ಬಸ್ಸಿನಲ್ಲಿ. ಅವನ ಮಾವನ ಮನೆಯವರು ಅಳಿಯನನ್ನು ಬರಿಗೈಯಲ್ಲಿ ಕಳಿಸುವ ಜನವಲ್ಲ. ಬಲಗೈಯಲ್ಲಿ ಸಜ್ಜೆ ರೊಟ್ಟಿಯ ಗಂಟು, ಎಡಗೈಯಲ್ಲಿ ಶೇಂಗಾ ಚಟ್ನಿಯ ಡಬ್ಬಿ, ಕಂಕುಳಲ್ಲಿ ಕುಂಬಳಕಾಯಿ, ಕಿರುಬೆರಳಿಗೆ ತೂಗಿದ ತುಪ್ಪದ ಗಿಂಡಿ. ಬಸ್ಸಿನಲ್ಲಿ ಕೂಡಲು ಜಾಗವಿರಲಿಲ್ಲ. ಕೊಪ್ಪಳದಲ್ಲಿ ಹತ್ತಿದ ನೊಣವೊಂದು ಅಷ್ಟು ಜನರಲ್ಲಿ ಉಮಾಪತಿಯ ಮೂಗನ್ನೇ ಆರಿಸಿಕೊಂಡಿತು. ಅವನು ಮೂಗು ಮುರಿದ, ಕೆಳತುಟಿ ಮುಂದೆ ಮಾಡಿ ಊದಿದ, ಎದುರಿಗಿದ್ದ ಮುದುಕನ ರುಮಾಲಿಗೆ ಮೂಗು ಉಜ್ಜಲು ಹೋಗಿ ಬೈಸಿಕೊಂಡ. ನೊಣ ಅಲ್ಲಾಡಲಿಲ್ಲ.

ಅದೇ ಬಸ್ಸಿನಲ್ಲಿ ಹಂಪಿ ನೋಡಲು ಹೊರಟ ಬಿಳಿಯ ಹೆಂಗಸೊಬ್ಬಳು ನಿಂತಿದ್ದಳು. ಅವಳ ಬೆನ್ನಿಗೆ ಸೊಂಟದಿಂದ ತಲೆಯವರೆಗಿನ ಒಂದು ಚೀಲ, ಎರಡು ಪಟ್ಟಿಗಳಿಂದ ಹೆಗಲಿಗೆ ಸಿಕ್ಕಿಕೊಂಡಿತ್ತು. ಇಡೀ ಸಂಸಾರ ಅದರೊಳಗೇ ಇದ್ದಿರಬೇಕು. ಆದರೆ ಅವಳ ಎರಡೂ ಕೈ ಬಿಡುವಾಗಿದ್ದವು, ನಿಂತಲ್ಲೇ ಬಾಳೆಹಣ್ಣು ಸುಲಿದು ತಿನ್ನುತ್ತಿದ್ದಳು. ಉಮಾಪತಿಯ ಪಾಡು ನೋಡಲಾರದೆ ಆಕೆ ಕೈಚಾಚಿ, ಹಣ್ಣಿನ ಸಿಪ್ಪೆಯಿಂದ ಅವನ ಮೂಗಿನ ಮೇಲಿನ ನೊಣವನ್ನು ಓಡಿಸಿಬಿಟ್ಟಳು.

ಇಡೀ ಬಸ್ಸು ನಕ್ಕಿತು. ನಕ್ಕವರಲ್ಲಿ ಉಮಾಪತಿಯ ಪಕ್ಕದ ಕ್ವಾರ್ಟರ್ಸಿನ ವಿರೂಪಾಕ್ಷಮ್ಮನೂ ಇದ್ದಳು. ಕೈಯಲ್ಲಿ ಭಾರವಿಲ್ಲದ ಆಕೆ ಅವನಿಗಿಂತ ಮೊದಲು ಕಾಲನಿ ಮುಟ್ಟಿದಳು. ಅವನು ಮನೆಗೆ ಬಂದು ಕುಂಬಳಕಾಯಿ ಇಳಿಸುವಷ್ಟರಲ್ಲಿ, ಬಿಳಿ ಹೆಂಗಸು ಇವರ ಮೂಗು ಹಿಡಿದಳಂತೆ ಎಂಬಲ್ಲಿಗೆ ಸುದ್ದಿ ಬೆಳೆದು ಅವನ ಹೆಂಡತಿ ಕಳಕಮ್ಮನ ಕಿವಿಗೆ ಬಿದ್ದಾಗಿತ್ತು.

ಕಳಕಮ್ಮ ಮೂಗನ್ನಷ್ಟೇ ನೋಡಿದಳು. ಉಮಾಪತಿಗೆ ರೋಷ ಬಂತು. ದೇವರು ಮನುಷ್ಯನಿಗೆ ಇಷ್ಟಗಲ ಬೆನ್ನು ಕೊಟ್ಟದ್ದು ಬರೀ ಗೋಡೆಗೆ ಒರಗಲಿಕ್ಕಲ್ಲ ಎಂಬುದು ಅವನಿಗೆ ಆ ಬಸ್ಸಿನಲ್ಲಿಯೇ ಹೊಳೆದಿತ್ತು. "ಭಾರ ಹೊರೋದು ತಪ್ಪಂಗಿಲ್ಲ, ಆ ಮಾತು ಖರೆ. ಆದ್ರ ಇನ್ನ ಮ್ಯಾಲ ನಾ ಕೈಯಾಗ ಹೊರಂಗಿಲ್ಲ," ಎಂದು ಸಾರಿದ.

ಇಷ್ಟಕ್ಕೇ ಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಮರುದಿನ ಕಚೇರಿಯಲ್ಲಿ ಎಲ್ಲರೂ ಮೂಗಿನ ಯೋಗಕ್ಷೇಮ ಕೇಳತೊಡಗಿದಾಗ ಅವನ ಬಾಯಿ ತಡೆಯಲಿಲ್ಲ. ತಾನೂ ಅಂಥ ಚೀಲ ತರುವವನೇ, ಅದನ್ನು ಬೆನ್ನಿಗೆ ಹಾಕಿಕೊಂಡು ಎಡದಂಡೆ ಕಾಲುವೆಯ ಗುಂಟ ಸಾಣಾಪುರದ ಗುಡ್ಡಗಳ ತನಕ ನಡೆಯುವವನೇ, ರಾತ್ರಿ ಬಂಡೆಯ ಮೇಲೆ ಮಲಗಿ ಮರುದಿನ ನಡೆದೇ ಬರುವವನೇ ಎಂದುಬಿಟ್ಟ. ಅವನ ಅಲ್ಲಿಯವರೆಗಿನ ನಡಿಗೆಯೆಂದರೆ ಮನೆಯಿಂದ ಕಚೇರಿ, ಕಚೇರಿಯಿಂದ ಚಹಾದಂಗಡಿ. ಜೊತೆಯವರು ಅಲ್ಲೇನು ಕೆಲಸ ಎಂದು ಕೇಳಿದರು. ಹುಲಿಗೆಮ್ಮನಿಗೆ ಹರಕೆ ಎಂದಿದ್ದರೆ ನಮ್ಮದೂ ಒಂದು ಕಾಯಿ ಒಯ್ಯಿ ಎಂದು ಕೊಡುತ್ತಿದ್ದರು. ಹೊಲದ ತಂಟೆ ಎಂದಿದ್ದರೆ ವಕೀಲನ ಹೆಸರು ಹೇಳುತ್ತಿದ್ದರು. ಉಮಾಪತಿ ನಿಜ ಹೇಳಿದ.

"ಕೆಲಸ ಏನಿಲ್ಲ. ಸುಮ್ಮನ ಹೋಗೋದು, ಸುಮ್ಮನ ಬರೋದು."

ಸಂಬಳ ತರುವ, ಹೆಂಡತಿ ಇರುವ, ತಲೆ ನೆಟ್ಟಗಿರುವ ಮನುಷ್ಯ ಬೆನ್ನಿಗೆ ಭಾರ ಹೇರಿಕೊಂಡು ಸುಮ್ಮನೆ ಹೋಗಿ ಸುಮ್ಮನೆ ಬರುವುದನ್ನು ಮುನಿರಾಬಾದು ಕಂಡಿರಲಿಲ್ಲ. ಅವನಿಗೆ ಮುಂದೆ ಬಂದ ಕಷ್ಟವೆಲ್ಲ ಈ ಒಂದು ಮಾತಿನಿಂದಲೇ ಬಂತು.

ಚೀಲ ಆರಿಸುವುದರಲ್ಲಿ ಉಮಾಪತಿ ಕನ್ಯೆ ನೋಡುವವರಿಗಿಂತ ಬಿಗಿ. ಅಂಗಡಿಯಲ್ಲಿ ಕೈಯಿಂದ ಮುಟ್ಟಿ ನೋಡಿದರೆ ಚೀಲದ ಗುಣ ತಿಳಿಯುವುದಿಲ್ಲ, ಭಾರ ತುಂಬಿ ನಡೆದೇ ನೋಡಬೇಕು ಎಂಬುದು ಅವನ ಸಿದ್ಧಾಂತ. ಕಲ್ಲು ತುಂಬಿದರೆ ಬೆನ್ನಿಗೆ ಚುಚ್ಚುತ್ತದೆ, ಮರಳು ಸೋರುತ್ತದೆ. ಎಲ್ಲ ಮೂಲೆಗೂ ಇಳಿದು ಮೆತ್ತಗೆ ಕೂಡುವ ಪದಾರ್ಥವೆಂದರೆ ಅಕ್ಕಿ. ಕಾಲುವೆ ಸೀಮೆಯಲ್ಲಿ ಅಕ್ಕಿಗೆ ಬರವಿರಲಿಲ್ಲ. ಕಳಕಮ್ಮ ಮೊದಲು ಒಪ್ಪಲಿಲ್ಲ. ಆಮೇಲೆ, ಅಳೆದು ಕೊಡುತ್ತೇನೆ, ಬಂದ ಮೇಲೆ ಅಳೆದು ತಗೊಳ್ಳುತ್ತೇನೆ, ಒಂದು ಹಿಡಿ ಕಡಿಮೆಯಾದರೂ ಚೀಲ ಒಲೆಗೆ ಎಂಬ ಕರಾರಿನ ಮೇಲೆ ಕೊಟ್ಟಳು. ನಡೆಯಲು ಉಮಾಪತಿ ಹೊಳೆಯ ಸೇತುವೆಯನ್ನು ಗೊತ್ತುಮಾಡಿದ. ಸಪಾಟಾದ ದಾರಿ, ಸಂಜೆಯ ಗಾಳಿ, ಒಂದು ತುದಿಯಿಂದ ಇನ್ನೊಂದು ತುದಿ ಮುಟ್ಟಿ ಬಂದರೆ ಕಾಲಿಗೂ ಹಿತ.

ಸೇತುವೆಯ ಆಚೆ ಹೊಸಪೇಟೆ, ಬೇರೆ ಜಿಲ್ಲೆ. ಆ ವರ್ಷ ಅಕ್ಕಿಯನ್ನು ಜಿಲ್ಲೆ ದಾಟಿಸಬಾರದೆಂದು ಸರಕಾರ ಕಟ್ಟುಹಾಕಿ ಸೇತುವೆಯ ಬಾಯಿಗೆ ಒಂದು ತಪಾಸಣೆಯ ನಾಕಾ ಕೂರಿಸಿತ್ತು. ಮನೆ ಖರ್ಚಿಗೆಂದು ಒಂದಿಷ್ಟು ಒಯ್ಯಬಹುದಿತ್ತು. ಆ ಒಂದಿಷ್ಟನ್ನು ದಿನಾ ಒಯ್ಯಬಹುದೋ ಇಲ್ಲವೋ ಎಂಬುದನ್ನು ಮೇಲಿನವರು ಹೇಳಿರಲಿಲ್ಲ, ಉಮಾಪತಿಯಂಥವನು ಹುಟ್ಟಿರುವುದು ಅವರಿಗೆ ಗೊತ್ತಿರಲಿಲ್ಲ. ನಾಕಾದ ಜಮಾದಾರ ಓಬಳೆಪ್ಪ ಬಲು ಚಾಣಾಕ್ಷ. ಬಾಣಂತಿಯ ದಿಂಬಿನಲ್ಲಿ, ಭಜನೆಯವರ ತಬಲಾದಲ್ಲಿ, ಸತ್ತವನ ಚಟ್ಟದ ಕೆಳಗೆ, ಎಲ್ಲೆಲ್ಲಿಯೂ ಅಕ್ಕಿ ಹಿಡಿದವನು. ಹಾಗಾಗಿ ಅವನಿಗೆ ಜಗತ್ತಿನಲ್ಲಿ ಯಾರ ಮೇಲೂ ನಂಬಿಕೆ ಉಳಿದಿರಲಿಲ್ಲ.

ಉಮಾಪತಿಯ ಮೊದಲ ಚೀಲ ಹೊಸಪೇಟೆಯ ಹಳೆ ಸಾಮಾನಿನ ಸಂತೆಯಲ್ಲಿ ಸಿಕ್ಕ ಮಿಲಿಟರಿ ಚೀಲ. ಯಾವ ಯುದ್ಧದಲ್ಲಿ ಏನು ತಾಗಿತ್ತೋ, ಕೆಳಗೆ ಒಂದು ತೂತಿತ್ತು. ಉಮಾಪತಿ ಎದೆ ಸೆಟೆಸಿ ಸೇತುವೆಯ ಮೇಲೆ ನಡೆದ, ಅಕ್ಕಿ ಅವನ ಹಿಂದೆ ಒಂದೊಂದೇ ಕಾಳು ಉದುರಿತು. ಅದನ್ನು ಹೆಕ್ಕುತ್ತ ಗುಬ್ಬಿಗಳ ದೊಡ್ಡದೊಂದು ಹಿಂಡು ಮೆರವಣಿಗೆ ಹೊರಟಿತು. ಚೀಲ ಹಗುರಾಗುತ್ತ ಬಂದದ್ದನ್ನು ಅವನು ತನ್ನ ಮೈಗೆ ಕಸುವು ಬರುತ್ತಿದೆ ಎಂದು ತಿಳಿದ. ಓಬಳೆಪ್ಪ ಗುಬ್ಬಿಗಳನ್ನು ನೋಡಿ, ಕಾಳು ನೋಡಿ, ಆಮೇಲೆ ಉಮಾಪತಿಯನ್ನು ನೋಡಿದ.

"ಇದನ್ನ ಎಲ್ಲಿಗೆ ಒಯ್ಯಾಕತ್ತೀರಿ?"

"ಆ ಕಡಿ ತುದಿಗೆ."

"ಅಲ್ಲಿ ಯಾರಿಗೆ ಕೊಡ್ತೀರಿ?"

"ಯಾರಿಗೂ ಇಲ್ರಿ. ಮುಟ್ಟಿಸಿ ತಿರುಗಿ ಮನಿಗೆ ತರ್ತೀನಿ."

ಓಬಳೆಪ್ಪ ತನ್ನ ನೌಕರಿಯಲ್ಲಿ ತರತರದ ಸುಳ್ಳು ಕೇಳಿದ್ದ, ಇಷ್ಟು ಬಡಕಲು ಸುಳ್ಳನ್ನು ಕೇಳಿರಲಿಲ್ಲ. ಕಲಿತ ಮನುಷ್ಯ ಇಂಥ ಸುಳ್ಳು ಹೇಳಬೇಕಾದರೆ ಇದರ ಹಿಂದೆ ದೊಡ್ಡ ಕೈ ಇರಬೇಕೆಂದು ಅವನಿಗೆ ಖಾತ್ರಿಯಾಯಿತು. ಹಿಡಿಯಲು ಕಾಯಿದೆ ಸಾಲದೆ ಆ ದಿನ ಬಿಟ್ಟ. ಆದರೆ ನಾಳೆಯಿಂದ ಈ ಮನುಷ್ಯನ ಚೀಲವನ್ನು ಹೋಗುವಾಗಲೂ ಬರುವಾಗಲೂ ತೂಗಬೇಕೆಂದು ತನ್ನ ಪೇದೆ ಪಕೀರಪ್ಪನಿಗೆ ಹುಕುಂ ಮಾಡಿದ. ಮನೆಯಲ್ಲಿ ಕಳಕಮ್ಮ ಅಳೆದು ನೋಡಿ, ಕರಾರಿನಂತೆ ಮಿಲಿಟರಿ ಚೀಲವನ್ನು ಒಲೆಗೆ ಹಾಕಿದಳು.

ಎರಡನೆಯದನ್ನು ಉಮಾಪತಿ ತಾನೇ ಹೊಲಿದ. ಖಾದಿ ಭಂಡಾರದ ಎರಡು ಜೋಳಿಗೆಗಳನ್ನು ಜೋಡಿಸಿ, ಒಂದೊಂದು ಹೆಗಲಿಗೆ ಒಂದೊಂದರ ಪಟ್ಟಿ. ಆ ಸಂಜೆ ಹುಲಿಗಿಯಲ್ಲಿ ಹುಲಿಗೆಮ್ಮನ ಹುಣ್ಣಿಮೆ ಮುಗಿಸಿ ಹೊರಟ ಹೆಂಗಸರು ಸೇತುವೆಯ ತುಂಬ ಇದ್ದರು. ನಮ್ಮ ಸೀಮೆಯಲ್ಲಿ ಜೋಳಿಗೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಒಂದು ಜೋಳಿಗೆ ಹಾಕಿದವನು ಭಿಕ್ಷೆಗೆ ಬಂದ ಅಯ್ಯ, ಎರಡು ಹಾಕಿದವನು ದೊಡ್ಡಯ್ಯ ಎಂದುಕೊಂಡ ಆ ತಾಯಂದಿರು ಉಡಿಯೊಳಗಿನ ಅಕ್ಕಿಯನ್ನು ಹಿಡಿಹಿಡಿಯಾಗಿ ಹಾಕಿದರು, ಬೆನ್ನಿಗೇ ಕೈಮುಗಿದರು. ಚೀಲ ಹಿಂದಿದ್ದುದರಿಂದ ಉಮಾಪತಿಗೆ ಏನೂ ಕಾಣಲಿಲ್ಲ. ಹೆಜ್ಜೆಹೆಜ್ಜೆಗೆ ಭಾರ ಏರುವುದನ್ನು ನೋಡಿ, ಈ ಪಟ್ಟಿಯ ಕಟ್ಟು ಸರಿಯಿಲ್ಲ ಎಂದು ಬೈದುಕೊಂಡು ಹಿಂತಿರುಗಿದ.

ನಾಕಾದಲ್ಲಿ ತಕ್ಕಡಿ ಅವನ ಮಾನ ಕಳೆಯಿತು. ಒಯ್ದದ್ದಕ್ಕಿಂತ ತಂದದ್ದು ಹೆಚ್ಚಿತ್ತು, ಮೇಲೆ ಒಂದು ತೆಂಗಿನ ಹೋಳು. ಮೊನ್ನೆ ಕಡಿಮೆ, ಇವತ್ತು ಹೆಚ್ಚು. ಓಬಳೆಪ್ಪ ಬಹಳ ಹೊತ್ತು ಲೆಕ್ಕಹಾಕಿ, ಈತ ಆ ಕಡೆಗೂ ಈ ಕಡೆಗೂ ವ್ಯಾಪಾರ ಮಾಡುವ ದುಪ್ಪಟ್ಟು ಕಳ್ಳ ಎಂಬ ತೀರ್ಮಾನಕ್ಕೆ ಬಂದ. ಉಮಾಪತಿ ತನಗೂ ಇದು ಹೇಗಾಯಿತೆಂದು ಗೊತ್ತಿಲ್ಲ ಎಂದ. ಕಳ್ಳರೆಲ್ಲ ಇದನ್ನೇ ಹೇಳುವುದು. ಕಳಕಮ್ಮ ಮಾತ್ರ ಅಂದು ಸೇರಿನಿಂದ ಅಳೆದು ನೋಡಿ, ಈ ಚೀಲ ಛಲೋ ಐತಿ, ಇದನ್ನೇ ಇಟ್ಟುಕೊಳ್ಳಿ ಎಂದಳು.

ಆದರೆ ಜೋಳಿಗೆ ಎರಡು ಕಡೆಗೂ ಜೋಲಾಡಿ ಅವನ ಸೊಂಟ ನೋಯಿಸಿತ್ತು. ಮೂರನೆಯದಕ್ಕೆ ಅವನು ಸ್ಟೇಷನ್ನಿನ ಹತ್ತಿರ ಟಾಂಗಾಗಳ ಮೇಲ್ಹೊದಿಕೆ ಹೊಲಿಯುವ ಅಬ್ದುಲಸಾಬನ ಬಳಿ ಹೋದ. ಅಬ್ದುಲಸಾಬ ಕುದುರೆಗೆ ಅಳತೆ ತೆಗೆಯುವ ಹಾಗೆಯೇ ಅವನ ಬೆನ್ನು ನೇವರಿಸಿ, ಎರಡು ಸಲ ತಟ್ಟಿ, ಅಳತೆ ತೆಗೆದ. ದಪ್ಪ ತಾಡಪತ್ರಿಯ ಚೀಲ ಹೊಲಿದು, ಸತ್ತ ಕುದುರೆಯೊಂದರ ಹಳೆಯ ತೊಗಲಿನ ಪಟ್ಟಿಗಳನ್ನು ಹಚ್ಚಿದ. ಪಟ್ಟಿಗಳ ತುಂಬ ಹಿತ್ತಾಳೆಯ ಗೆಜ್ಜೆಗಳಿದ್ದವು. ಉಮಾಪತಿ ಅವನ್ನು ತೆಗೆ ಎಂದ.

"ತೆಗದ್ರ ಹೊಲಿಗಿ ಸಡಿಲಾಗ್ತೈತ್ರಿ ಸಾಹೇಬ್ರ," ಎಂದ ಅಬ್ದುಲಸಾಬ. "ಮತ್ತ, ಗೆಜ್ಜಿ ಸಪ್ಪಳ ಇದ್ರ ಕುದುರಿಗೆ ದಣಿವು ಗೊತ್ತಾಗಂಗಿಲ್ಲ."

ಉಮಾಪತಿ ಹಾಕಿಕೊಂಡು ನಡೆದು ನೋಡಿದ. ಭಾರ ಬೆನ್ನಿಗೆ ಅಂಟಿಕೊಂಡು ಕೂತಿತು, ಹೆಗಲು ನೋಯಲಿಲ್ಲ, ಕೈ ಬೀಸಾಡಲು ಬಂದವು. ಅವನ ಮನಸ್ಸು ತುಂಬಿತು. ಗೆಜ್ಜೆ ಇದ್ದರೆ ಇರಲಿ ಎಂದು ಆ ಚೀಲವನ್ನು ಆರಿಸಿಕೊಂಡ. ಆ ಸಂಜೆ ಅವನು ಝಲ್ ಝಲ್ ಎಂದು ಸೇತುವೆಯ ಮೇಲೆ ಬಂದಾಗ, ಸವಾರಿ ಟಾಂಗಾ ಬಂತೆಂದು ಜನ ದಾರಿ ಬಿಟ್ಟರು. ಓಬಳೆಪ್ಪ ಕೈ ಅಡ್ಡ ಹಿಡಿದ.

"ಗೆಜ್ಜಿ ಕಟ್ಟಿಗೊಂಡು ಕಳ್ಳತನಕ್ಕ ಬರೋರನ್ನ ಎಲ್ಲ್ಯರ ನೋಡೀರೇನ್ರಿ ಜಮಾದಾರ?" ಎಂದು ಉಮಾಪತಿ ಕೇಳಿದ.

"ಇಲ್ರಿ. ಅದಕ್ಕ ನೀವು ಕಟ್ಟಿಗೊಂಡೀರಿ," ಎಂದ ಓಬಳೆಪ್ಪ. ಇಂಥ ತರ್ಕದ ಮುಂದೆ ಯಾವ ಗುಮಾಸ್ತನೂ ನಿಲ್ಲಲಾರ.

ಮರುದಿನವೇ ಓಬಳೆಪ್ಪ ಕಚೇರಿಗೆ ಬಂದು ಸಾಹೇಬರ ಮುಂದೆ ಎಲ್ಲವನ್ನೂ ಒದರಿದ. ಸಾಹೇಬರು ಒಳ್ಳೆಯವರು, ಮಾತು ಬೆಳೆಯುವುದು ಅವರಿಗೆ ಬೇಡ. ಉಮಾಪತಿಯನ್ನು ಕರೆದು, ಇನ್ನು ಮೇಲೆ ಬೆನ್ನಿಗೆ ಚೀಲ ಹಾಕುವುದಿಲ್ಲ ಎಂದು ಒಂದು ಸಾಲು ಬರೆದುಕೊಡಿ, ಇಲ್ಲಿಗೇ ಮುಗಿಸೋಣ ಎಂದರು. ಬರೆಯದಿದ್ದರೆ ಸೋಮವಾರ ಕಾಗದ ಮೇಲಕ್ಕೆ ಹೋಗುತ್ತದೆ, ಅಕ್ಕಿ ಸಾಗಿಸಿದ ನೌಕರನನ್ನು ಮೇಲಿನವರು ಕೆಲಸದಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದೂ ತಿಳಿಸಿದರು. ಉಮಾಪತಿ ಹುಟ್ಟಿದಾಗಿನಿಂದ ಯಾರಿಗೂ ಎದುರು ಮಾತಾಡಿದವನಲ್ಲ. ಸಾಹೇಬರು ಸಹಿ ಮಾಡೆಂದರೆ ಖಾಲಿ ಹಾಳೆಗೂ ಮಾಡುತ್ತಿದ್ದವನು. ಅಂದು ಅವನ ಬಾಯಿಂದ ಬಂದದ್ದು ಕೇಳಿ ಸಾಹೇಬರ ಕನ್ನಡಕ ಮೂಗಿನ ತುದಿಗೆ ಇಳಿಯಿತು.

"ಬರದುಕೊಟ್ರ ಕದ್ದೀನಿ ಅಂತ ಒಪ್ಪಿಕೊಂಡಂಗ ಆಗ್ತೈತ್ರಿ. ಬೆನ್ನು ನಂದು, ಚೀಲ ನಂದು, ಅಕ್ಕಿ ನನ್ನ ಹೇಣ್ತೀದು. ನಾ ಬರಿಯಂಗಿಲ್ರಿ."

ಹೇಳಿ ಹೊರಗೆ ಬಂದ ಮೇಲೆ ಅವನು ಲೆಕ್ಕಹಾಕಿದ. ನೌಕರಿ ಹೋದರೆ ಕ್ವಾರ್ಟರ್ಸೂ ಹೋಗುತ್ತದೆ, ಕುಂಬಳಕಾಯಿ ಇಡಲೂ ಜಾಗವಿರುವುದಿಲ್ಲ. ಭಯವಾಯಿತು, ಆದರೂ ಬರೆಯುವ ಮನಸ್ಸಾಗಲಿಲ್ಲ.

ಮನೆಯಲ್ಲಿ ಇನ್ನೊಂದು ಕಾದಿತ್ತು. ವಿರೂಪಾಕ್ಷಮ್ಮನ ಸುದ್ದಿ ಕುಷ್ಟಗಿಯ ಬಸ್ಸು ಹತ್ತಿ ಹೋಗಿ, ಕಳಕಮ್ಮನ ಅಣ್ಣ ಕರಿಬಸಪ್ಪನನ್ನೇ ಕರೆದುಕೊಂಡು ಬಂದಿತ್ತು. ಕರಿಬಸಪ್ಪ ಕುಷ್ಟಗಿ ಬಜಾರದ ಕಿರಾಣಿ ವ್ಯಾಪಾರಿ. ಅವರ ಮನೆಗೆ ಅಳಿಯ ಬಂದರೆ ಬಸ್‌ಸ್ಟ್ಯಾಂಡಿಗೆ ಹಮಾಲ ಹೋಗಿ ಸಾಮಾನು ಹೊತ್ತು ತರಬೇಕು, ಅಳಿಯ ಮುಂದೆ ಬರಿಗೈ ಬೀಸುತ್ತ ಬರಬೇಕು, ಬಜಾರೆಲ್ಲ ನೋಡಬೇಕು. ಅದು ಅಜ್ಜನ ಕಾಲದ ಪದ್ಧತಿ. ಹೋಗುವಾಗ ಅಳಿಯ ಎಷ್ಟೇ ಹೊತ್ತರೂ ಯಾರೂ ನೋಡುವುದಿಲ್ಲ, ಅದು ಬೇರೆ ಮಾತು. ಅಳಿಯನೇ ಹಮಾಲನ ಹಾಗೆ ಬೆನ್ನಿಗೆ ಹೇರಿಕೊಂಡನೆಂದರೆ ಆ ಮನೆಗೆ ಒಬ್ಬ ಹಮಾಲನನ್ನು ಕಳಿಸುವ ಯೋಗ್ಯತೆ ಇಲ್ಲವೆಂದು ಅರ್ಥ. ಅದರ ಮೇಲೆ ಗೆಜ್ಜೆ ಬೇರೆ.

"ಅಳಿಯ ದೇವ್ರು ಕೇಳ್ರಿ," ಎಂದ ಕರಿಬಸಪ್ಪ. "ಆ ಚೀಲ ಹೇರಿಕೊಂಡು ನೀವು ಕುಷ್ಟಗಿ ಬಜಾರಕ್ಕ ಬಂದ್ರ, ನಮ್ಮ ಮನಿ ಬಾಗಿಲು ನಿಮಗ ತೆರಿಯಂಗಿಲ್ಲ. ಕಳಕಾ, ನಿನ್ನ ಗಂಡನ ತಲಿ ಕೆಟ್ಟೈತಿ. ಚೀಲ ಸುಟ್ಟುಹಾಕು, ಇಲ್ಲಾ ನನ್ನ ಕೂಡ ನಡಿ."

ಕಳಕಮ್ಮ ಒಳಗೆ ಹೋದಳು. ಚೀಲ ತಂದು ಒಲೆಗೆ ಹಾಕುತ್ತಾಳೆಂದು ಉಮಾಪತಿ ಕಣ್ಣುಮುಚ್ಚಿದ. ಅವಳು ತಂದದ್ದು ಅಕ್ಕಿಯ ಸೇರು. ಇಷ್ಟು ದಿನ ದಿನಾ ಸಂಜೆ ಗಂಡ ಎಲ್ಲಿಗೆ ಹೋದ, ಏನು ಒಯ್ದ, ಏನು ತಂದ ಎಂಬುದನ್ನು ಅಳೆದು ತಿಳಿದವಳು ಅವಳೊಬ್ಬಳೇ. ತನ್ನ ಗಂಡ ಹುಚ್ಚ ಇರಬಹುದು, ಕಳ್ಳನಲ್ಲ ಎಂದು ಅವಳಿಗೆ ಗೊತ್ತಿತ್ತು. ಸೇರನ್ನು ಅಣ್ಣನ ಮುಂದೆ ಟಣ್ಣೆಂದು ಇಟ್ಟಳು.

"ನಮ್ಮನಿಯವ್ರು ಶನಿವಾರ ಗುಡ್ಡಕ್ಕ ಹೊಂಟಾರ," ಎಂದಳು. "ಅವ್ರ ಬುತ್ತಿ ಕಟ್ಟೋದೈತಿ. ನೀ ಚಹಾ ಕುಡದ ಹೋಗಣ್ಣ."

ಶನಿವಾರ ನಸುಕಿನಲ್ಲಿ ಉಮಾಪತಿ ಹೊರಟ. ಚೀಲದಲ್ಲಿ ಒಂದು ಜಮಖಾನೆ, ಸ್ವೆಟರು, ಬ್ಯಾಟರಿ, ಪಾತ್ರೆ, ರೊಟ್ಟಿ, ಚಟ್ನಿ, ಮತ್ತು ಎರಡು ಹೊತ್ತಿಗೆಂದು ಒಂದು ಸೇರು ಅಕ್ಕಿ. ಕ್ವಾರ್ಟರ್ಸುಗಳ ಕಿಟಕಿಗಳೆಲ್ಲ ತೆರೆದಿದ್ದವು, ಆದರೆ ಯಾರೂ ಹೋಗಿ ಬಾ ಎನ್ನಲಿಲ್ಲ. ವಿರೂಪಾಕ್ಷಮ್ಮ ಕಸಬರಿಗೆ ಹಿಡಿದು, ಗುಡಿಸಿದ ಅಂಗಳವನ್ನೇ ಮತ್ತೆ ಮತ್ತೆ ಗುಡಿಸುತ್ತಿದ್ದಳು. ಉಮಾಪತಿ ಎರಡೂ ಕೈ ಎತ್ತಿ ಅವಳಿಗೆ ನಮಸ್ಕಾರ ಮಾಡಿದ. ಕೈ ಖಾಲಿ ಇದ್ದವಲ್ಲ.

ಅವನು ಸೇತುವೆಯ ಕಡೆ ಹೋಗದೆ ಕಾಲುವೆಯ ಕಡೆ ತಿರುಗಿದ ಸುದ್ದಿ ನಾಕಾ ಮುಟ್ಟಿತು. ಓಬಳೆಪ್ಪನಿಗೆ ಎಲ್ಲವೂ ಅರ್ಥವಾಗಿಹೋಯಿತು. ಸೇತುವೆಗೆ ಕಾವಲಿದೆ, ಅದಕ್ಕೇ ಕಳ್ಳ ಸಾಣಾಪುರದ ಗುಡ್ಡ ಹತ್ತಿಳಿದು, ಆನೆಗುಂದಿಯಲ್ಲಿ ಹರಿಗೋಲು ಹತ್ತಿ ಹೊಳೆ ದಾಟುತ್ತಾನೆ. ಕೊಂಡುಕೊಳ್ಳುವವನು ಅಲ್ಲೇ ಬರುತ್ತಾನೆ. ಇಬ್ಬರನ್ನೂ ಒಟ್ಟಿಗೆ ಹಿಡಿದರೆ ತನಗೆ ಬಡ್ತಿ. ಪಕೀರಪ್ಪನನ್ನು ಕರೆದುಕೊಂಡು ಒಂದೇ ಸೈಕಲ್ಲಿನ ಮೇಲೆ ಬೆನ್ನುಹತ್ತಿದ. ಮರೆಯಲ್ಲಿ ನಿಂತರೂ ಕಳ್ಳ ಕಳೆದುಹೋಗುವ ಭಯವಿರಲಿಲ್ಲ, ಗೆಜ್ಜೆ ದಾರಿ ಹೇಳುತ್ತಿತ್ತು. ಬಿಸಿಲೇರಿತು, ತುಳಿಯುತ್ತಿದ್ದ ಪಕೀರಪ್ಪನ ನಾಲಗೆ ಹೊರಗೆ ಬಂತು. ಬುತ್ತಿ ತರಬೇಕೆಂಬುದು ಇಬ್ಬರಿಗೂ ಹೊಳೆದಿರಲಿಲ್ಲ. ಕಳ್ಳರು ಅಷ್ಟು ದೂರ ನಡೆಯುವುದಿಲ್ಲ ಎಂಬ ನಂಬಿಕೆಯ ಮೇಲೆ ಅವರು ಹೊರಟವರು.

ಉಮಾಪತಿಯೇನು ಹೂವಿನ ಮೇಲೆ ನಡೆಯಲಿಲ್ಲ. ಕಾಲಲ್ಲಿ ಗುಳ್ಳೆ ಎದ್ದವು, ಒಂದು ಎಮ್ಮೆ ಗೆಜ್ಜೆಗೆ ಬೆದರಿ ಅವನನ್ನು ಕಾಲುವೆಗೆ ತಳ್ಳುವುದರಲ್ಲಿತ್ತು. ಗದ್ದೆಯ ಹೆಂಗಸರು ಅಯ್ಯನೇನೋ ಎಂದು ನೋಡಿ, ಹಮಾಲನೇನೋ ಎಂದು ನೋಡಿ, ಕಡೆಗೆ ಸರ್ಕಸ್ಸಿನವನೆಂದು ಒಪ್ಪಿಕೊಂಡು ನಕ್ಕರು. ಅವನು ನಿಲ್ಲಲಿಲ್ಲ. ಕುಂತುಬಿಡಲೇ ಎನಿಸಿದಾಗಲೆಲ್ಲ ಸಾಹೇಬರು ಬರೆ ಎಂದಿದ್ದ ಆ ಒಂದು ಸಾಲು ನೆನಪಾಗಿ ಸಿಟ್ಟು ಬರುತ್ತಿತ್ತು. ಸಂಜೆಯ ಬಿಸಿಲು ಕೆಂಪಾಗುವ ಹೊತ್ತಿಗೆ ಅವನು ಗುಡ್ಡದ ನೆತ್ತಿಯ ದೊಡ್ಡ ಬಂಡೆಯ ಮೇಲಿದ್ದ. ಕೆಳಗೆ ಹೊಳೆ, ಭತ್ತದ ಗದ್ದೆ, ಕಲ್ಲಿನ ಮೇಲೆ ಕಲ್ಲು. ಇದನ್ನೆಲ್ಲ ಇಷ್ಟು ದಿನ ಬಸ್ಸಿನ ಕಿಟಕಿಯಿಂದಲೂ ತಾನು ನೋಡಿರಲಿಲ್ಲವಲ್ಲ ಎಂದು ಅವನಿಗೆ ಸಂಕಟವಾಯಿತು, ಆ ಸಂಕಟದ ಜೊತೆಗೇ ಬಲು ಸಂತೋಷವೂ ಆಯಿತು.

ಆಗ ಕೆಳಗಿನ ಬಂಡೆಗಳ ನಡುವೆ ಒಂದು ಸೈಕಲ್ಲು ತಾನಾಗಿಯೇ ಗುಡ್ಡ ಹತ್ತಿ ಬರುವುದು ಕಾಣಿಸಿತು. ದಿಟ್ಟಿಸಿ ನೋಡಿದರೆ ಅದರ ಕೆಳಗೆ ಪಕೀರಪ್ಪ. ಸರಕಾರಿ ಸೈಕಲ್ಲನ್ನು ಬುಡದಲ್ಲಿ ಬಿಟ್ಟರೆ ಕಳುವಾದೀತೆಂದು ಓಬಳೆಪ್ಪ ಹೊರಿಸಿಕೊಂಡು ಬರುತ್ತಿದ್ದ. ಹಿಂದಿನ ಗಾಲಿಯನ್ನು ತಾನೂ ಹಿಡಿದಿದ್ದ. ಇಬ್ಬರೂ ನೆತ್ತಿ ಮುಟ್ಟಿ ಸೈಕಲ್ಲಿನ ಜೊತೆಯಲ್ಲೇ ಕುಸಿದರು.

ಉಮಾಪತಿ ಅವರಿಗೆ ನೀರು ಕೊಟ್ಟ. ಆಮೇಲೆ ವಿನಯದಿಂದ ಕೇಳಿದ. "ಸೈಕಲ್ಲು ಎಲ್ಲಿಗೆ ಒಯ್ಯಾಕತ್ತೀರಿ ಜಮಾದಾರ?"

"ಮ್ಯಾಲಕ."

"ಇಲ್ಲಿ ಯಾರಿಗೆ ಕೊಡ್ತೀರಿ?"

ಓಬಳೆಪ್ಪ ಪಕೀರಪ್ಪನ ಕಡೆ ತಿರುಗಿದ. ಉತ್ತರ ಕೊಟ್ಟವನು ಪಕೀರಪ್ಪ. "ಯಾರಿಗೂ ಇಲ್ರಿ," ಎಂದ ಅವನು, ಅಳುವ ದನಿಯಲ್ಲಿ. "ಮುಂಜಾನಿ ತಿರುಗಿ ಕೆಳಗ ಒಯ್ಯೋದು."

ಅಷ್ಟಾದರೂ ಓಬಳೆಪ್ಪ ಕರ್ತವ್ಯ ಬಿಡಲಿಲ್ಲ. ಚೀಲ ಬಿಚ್ಚಿಸಿದ. ಜಮಖಾನೆ ಬಂತು, ಸ್ವೆಟರು ಬಂತು, ಪಾತ್ರೆ ಬಂತು. ಕಡೆಗೆ ಒಂದು ಬಟ್ಟೆಯ ಗಂಟಿನಲ್ಲಿ ಅಕ್ಕಿ ಸಿಕ್ಕಿತು. ಓಬಳೆಪ್ಪನ ಮುಖ ಅರಳಿತು. ಇದು ಮಾಲು, ಇದನ್ನು ಜಪ್ತಿ ಮಾಡಿದ್ದೇನೆ ಎಂದು ಘೋಷಿಸಿ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಉಮಾಪತಿ ಆಗಲಿ ಎಂದು ರೊಟ್ಟಿ ಬಿಚ್ಚಿದ. ಮುಂಜಾನೆಯಿಂದ ಏನೂ ತಿನ್ನದ ಇಬ್ಬರ ಮುಖ ನೋಡಿ ಒಬ್ಬನೇ ತಿನ್ನಲಾಗದೆ ಹಂಚಿದ. ಒಬ್ಬನಿಗೆ ಕಟ್ಟಿದ ರೊಟ್ಟಿ ಮೂವರ ಹಲ್ಲಿಗೂ ಸಾಲಲಿಲ್ಲ. ಚಟ್ನಿ ಮಾತ್ರ ಬಹಳ ಉಳಿಯಿತು. ಪಕೀರಪ್ಪ ಚಟ್ನಿ ನೋಡಿದ, ಪಾತ್ರೆ ನೋಡಿದ, ಜಮಾದಾರನ ತೊಡೆಯ ಮೇಲಿನ ಗಂಟು ನೋಡಿದ.

"ಜಪ್ತಿ ಮಾಲು ಕೆಡಬಾರದಲ್ರಿ ಸಾಹೇಬ್ರ," ಎಂದ. "ಇಲ್ಲಿ ಮಂಜು ಬೀಳ್ತೈತಿ. ಬೇಸಿದ್ರ ಭದ್ರ ಇರ್ತೈತಿ."

ಮಾಲು ಕೆಡಬಾರದೆಂಬ ಒಂದೇ ಉದ್ದೇಶದಿಂದ ಓಬಳೆಪ್ಪ ಒಪ್ಪಿದ. ಅರ್ಧವನ್ನು ಆಗಲೇ ಬೇಯಿಸಿದರು, ಉಳಿದರ್ಧ ಮುಂಜಾನೆ ಇಳಿಯುವ ಮೊದಲು. ಬೆಂದದ್ದು ಹಳಸಬಾರದಲ್ಲ, ಅದಕ್ಕಾಗಿ ತಿಂದರು. ಓಬಳೆಪ್ಪ ಪಾತ್ರೆಯ ತಳ ಕೆರೆದು, ಕುಷ್ಟಗಿಯ ಚಟ್ನಿಗೆ ಸಮ ಇಲ್ಲ ಎಂದು ಮನಸಾರೆ ಒಪ್ಪಿಕೊಂಡ. ಇಳಿಯುವಾಗ ಚೀಲ ಹಗುರಾಗಿತ್ತು, ಸೈಕಲ್ಲು ಮಾತ್ರ ಮೊದಲಿನಷ್ಟೇ ಭಾರವಿತ್ತು. ಕಾಲುವೆಯ ದಾರಿಗೆ ಬಂದ ಮೇಲೆ ಪಕೀರಪ್ಪ, ಅಬ್ದುಲಸಾಬನ ಅಂಗಡಿ ಸ್ಟೇಷನ್ನಿನ ಯಾವ ಮಗ್ಗುಲಿಗೆ ಎಂದು ಮೆಲ್ಲಗೆ ಕೇಳಿದ.

ಸೋಮವಾರ ಸಾಹೇಬರ ಕೋಣೆಯಲ್ಲಿ ಕಾಗದ ತಯಾರಾಗಿತ್ತು. ಉಮಾಪತಿ ಗೆಜ್ಜೆಯ ಚೀಲವನ್ನು ಬೆನ್ನಿಗೆ ಹಾಕಿಕೊಂಡೇ ಒಳಗೆ ಬಂದ. ಬಾಗಿಲಲ್ಲಿ ಇಡೀ ಕಚೇರಿ ನಿಂತಿತ್ತು. ಸಾಹೇಬರು ಓಬಳೆಪ್ಪನನ್ನು ಕೇಳಿದರು. ಬೆನ್ನುಹತ್ತಿ ಹೋದಿರಲ್ಲ, ಚೀಲದಲ್ಲಿ ಅಕ್ಕಿ ಇತ್ತೇ? ಇತ್ತು. ಈಗ ಎಲ್ಲಿದೆ? ಓಬಳೆಪ್ಪ ಬೆವರಿದ. ಅಕ್ಕಿ ಯಾರ ಕೈ ಸೇರಿತು ಹೇಳಿ, ಅವರ ಹೆಸರನ್ನೂ ಕಾಗದದಲ್ಲಿ ಸೇರಿಸೋಣ ಎಂದು ಸಾಹೇಬರು ಪೆನ್ನು ತೆಗೆದರು.

"ಹೆಸರು ನಾ ಹೇಳ್ಲೇನ್ರಿ ಜಮಾದಾರ?" ಎಂದ ಉಮಾಪತಿ.

ಓಬಳೆಪ್ಪನ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು. "ಅದು ಮನಿ ಖರ್ಚಿನ ಅಕ್ಕಿರಿ ಸಾಹೇಬ್ರ," ಎಂದ. "ನಾನ ಖುದ್ದ ತಪಾಸ ಮಾಡೀನಿ. ಖರ್ಚಾಗೈತಿ."

ಸಾಹೇಬರಿಗೆ ಏನೂ ಅರ್ಥವಾಗಲಿಲ್ಲ, ಮಾತು ಮುಗಿದದ್ದೇ ಸಂತೋಷವಾಗಿ ಕಾಗದ ಹರಿದರು. ಆದರೂ ಉಮಾಪತಿಯವರೇ, ಆ ಒಂದು ಸಾಲು ಬರೆದುಕೊಟ್ಟರೆ ನನಗೂ ನೆಮ್ಮದಿ ಎಂದರು. ಉಮಾಪತಿ ಕೈ ಮುಗಿದ, ಬರೆಯಲಿಲ್ಲ. ಅವತ್ತಿನಿಂದ ಅವನು ಕಚೇರಿಗೆ ತನ್ನ ಊಟದ ಡಬ್ಬಿಯನ್ನು ಆ ಚೀಲದಲ್ಲೇ ತಂದ. ಅವನು ಬರುವುದು ದೂರದಿಂದಲೇ ಕೇಳಿಸುತ್ತಿದ್ದುದರಿಂದ ನಿದ್ದೆ ಮಾಡುವವರಿಗೆ ಅನುಕೂಲವಾಯಿತು.

ಶ್ರಾವಣ ಬಂತು, ಪಂಚಮಿ ಬಂತು. ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಕರಿಬಸಪ್ಪ ತಂಗಿಗೆ ಹೇಳಿಕಳಿಸಿದ. ಬಸ್‌ಸ್ಟ್ಯಾಂಡಿಗೆ ಹಮಾಲ ಬರುತ್ತಾನೆ, ಅಳಿಯಂದಿರು ಬರಿಗೈಯಲ್ಲಿ ಬರಲಿ, ಆ ಚೀಲ ಅವರ ಬೆನ್ನ ಮೇಲೆ ಕಂಡರೆ ಬಾಗಿಲು ಮುಚ್ಚಿದ್ದೇ ಎಂದ. ಉಮಾಪತಿಗೆ ಮಾವನ ಮನೆ ಬಿಡುವ ಮನಸ್ಸಿಲ್ಲ, ಚೀಲ ಬಿಡುವ ಮನಸ್ಸೂ ಇಲ್ಲ. ಅವನು ಎರಡು ದಿನ ಗೋಡೆಗೆ ಒರಗಿ ಕೂತ. ಕಳಕಮ್ಮ ಸೀರೆ, ಉಂಡಿ, ಚಕ್ಕಲಿ ಎಲ್ಲವನ್ನೂ ಚೀಲದೊಳಗೆ ಇಳಿಸಿದಳು.

ಕುಷ್ಟಗಿಯಲ್ಲಿ ಬಸ್ಸಿಳಿದಾಗ ಹಮಾಲ ಕೈ ಚಾಚಿದ. ಕಳಕಮ್ಮ ಸರಿ ಎಂದು ಅವನ ಕೈಗೆ ತಾನು ಬಸ್ಸಿನಲ್ಲಿ ತಿಂದ ಬಾಳೆಹಣ್ಣಿನ ಸಿಪ್ಪೆ ಕೊಟ್ಟಳು. ಸೆರಗು ಬಿಗಿದು ಸಿಕ್ಕಿಸಿ, ಚೀಲವನ್ನು ತನ್ನ ಬೆನ್ನಿಗೆ ಏರಿಸಿಕೊಂಡಳು. ಅಬ್ದುಲಸಾಬನ ಪಟ್ಟಿಗಳು ಅವಳಿಗೂ ಸರಿಯಾಗಿ ಕೂತವು. ತುಂಬಿದ ಬಜಾರದ ನಡುವೆ ಅವಳು ಝಲ್ ಝಲ್ ಎಂದು ಮುಂದೆ ನಡೆದಳು. ಹಿಂದೆ ಉಮಾಪತಿ, ಅವನ ಹಿಂದೆ ಸಿಪ್ಪೆ ಹಿಡಿದ ಹಮಾಲ. ಜನ ತಕ್ಕಡಿ ಬಿಟ್ಟು ಅಂಗಡಿಯ ಹೊರಗೆ ಬಂದು ನಿಂತರು. ಕರಿಬಸಪ್ಪನಿಗೆ ಮಾತ್ರ ಹೊರಗೆ ಬರಲಾಗಲಿಲ್ಲ. ಅವನು ಗಿರಾಕಿಗೆ ಬೆಲ್ಲ ತೂಗುತ್ತ ಒಂದು ಕೈಯಲ್ಲಿ ತಕ್ಕಡಿ, ಇನ್ನೊಂದು ಕೈಯಲ್ಲಿ ಬೆಲ್ಲದ ಅಚ್ಚು ಹಿಡಿದಿದ್ದ. ಕಳಕಮ್ಮ ಅಂಗಡಿಯ ಮುಂದೆ ನಿಂತಳು.

"ಅಳಿಯ ಹೊರಬಾರದು ಅಂದಿದ್ದಿ. ಮನಿಮಗಳು ಹೊರಬಾರದು ಅಂದಿಲ್ಲಲ್ಲಣ್ಣ," ಎಂದಳು. "ಬಾಗಿಲು ಮುಚ್ಚತೀ ಏನ ನೋಡು."

ಬಜಾರವೆಲ್ಲ ಕರಿಬಸಪ್ಪನ ಬಾಯಿಯನ್ನೇ ನೋಡಿತು. ಪಂಚಮಿಗೆ ಬಂದ ಮಗಳಿಗೆ ಬಾಗಿಲು ಮುಚ್ಚಿದ ಮನೆ ಕುಷ್ಟಗಿಯಲ್ಲಿ ಹಿಂದೆ ಇರಲಿಲ್ಲ, ಮುಂದೆ ಇರುವುದೂ ಸಾಧ್ಯವಿಲ್ಲ. ಅವನು ಏನೋ ಹೇಳಬೇಕೆಂದು ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಬೆಲ್ಲದ ಮೇಲಿನ ಒಂದು ನೊಣ ಎದ್ದು ಬಂದು ಅವನ ಮೂಗಿನ ಮೇಲೆ ಕೂತಿತು. ಅವನು ಮೂಗು ಮುರಿದ. ಕೆಳತುಟಿ ಮುಂದೆ ಮಾಡಿ ಊದಿದ. ತಕ್ಕಡಿ ಬಿಡುವಂತಿಲ್ಲ, ಬೆಲ್ಲ ಬಿಡುವಂತಿಲ್ಲ.

ಉಮಾಪತಿ ಮೆಟ್ಟಿಲು ಹತ್ತಿ ಹತ್ತಿರ ಹೋದ. ಹಿಂದೆಯೇ ಬಂದ ಹಮಾಲನ ಕೈಯಿಂದ ಬಾಳೆಹಣ್ಣಿನ ಸಿಪ್ಪೆ ಇಸಿದುಕೊಂಡು, ಇಡೀ ಬಜಾರ ನೋಡುತ್ತಿದ್ದಂತೆ, ಭಾವನ ಮೂಗಿನ ಮೇಲಿನ ನೊಣವನ್ನು ನಿಧಾನವಾಗಿ ಓಡಿಸಿದ.